ನಲವತ್ತು ಅಡಿಯ ಸಾಹೇಬರು

ಪೇಂಟರ್ ಚನ್ನಾಚಾರಿ ಬರೆದ ನಲವತ್ತು ಅಡಿಯ ಕಟೌಟ್ ಸಮಾವೇಶದ ಮೈದಾನದಲ್ಲಿ ಅಂಗಾತ ಮಲಗಿ ಒಣಗುತ್ತಿತ್ತು. ಪಕ್ಷದ ಹುಡುಗರು ಅದರ ಸುತ್ತ ಒಂದು ಸುತ್ತು ಹಾಕಿ ಬಂದು ಅವನ ಕೊರಳಪಟ್ಟಿ ಹಿಡಿದರು.

"ಏನೋ ಆಚಾರಿ ಇದು? ಸಾಹೇಬ್ರ ತಲೆ ಕುಂಬಳಕಾಯಿ, ಕಾಲು ಕಡ್ಡಿ! ಕಾರ್ಟೂನ್ ಬರೆದು ಮರ್ಯಾದೆ ತೆಗೀತೀಯಾ?"

"ಕಾರ್ಟೂನ್ ಅಲ್ಲ ಸ್ವಾಮಿ. ಕೆಳಗೆ ನಿಂತು ನೋಡೋರಿಗೆ ಮೇಲಿರೋದು ಚಿಕ್ಕದಾಗಿ ಕಾಣುತ್ತೆ. ಅದಕ್ಕೇ ತಲೆ ದೊಡ್ಡದು ಮಾಡೋದು. ಮೂವತ್ತು ವರ್ಷದಿಂದ ಹಿಂಗೇ ಬರೀತಿದ್ದೀನಿ. ಒಂದ್ಸಲ ಎತ್ತಿ ನಿಲ್ಲಿಸಿ ನೋಡಿ."

"ನಮಗೇ ಪಾಠ ಹೇಳ್ತೀಯಾ? ಯಾವ ಕೈಲಿ ಬರ್ದೆ?"

ಕೇಳಿದರಲ್ಲ ಎಂದು ಚನ್ನಾಚಾರಿ ಬಲಗೈ ಮುಂದೆ ಮಾಡಿದ. ಅದನ್ನು ಕಟೌಟಿನ ಮರದ ಚೌಕಟ್ಟಿಗೆ ಒತ್ತಿ ಹಿಡಿದು, ಪೆಂಡಾಲಿನ ಗೂಟ ಬಡಿಯುವ ಸುತ್ತಿಗೆಯಿಂದ ಹೊಡೆದರು. ಮೊದಲ ಏಟಿಗೆ ನೋವಾಯಿತು. ಆಮೇಲಿನವು ಬೇರೆ ಯಾರದೋ ಕೈಮೇಲೆ ಬಿದ್ದಂತಿದ್ದವು.

ಬೇರೆ ಬರೆಸಲು ಹೊತ್ತಿರಲಿಲ್ಲ. ವಿಧಿಯಿಲ್ಲದೆ ಅದನ್ನೇ ಹಗ್ಗ ಕಟ್ಟಿ ಎತ್ತಿ ನಿಲ್ಲಿಸಿದರು. ಬಣ್ಣ ಒರೆಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಪೆಂಡಾಲಿನ ಮೂಲೆಯಲ್ಲಿ ಕೂತಿದ್ದ ಚನ್ನಾಚಾರಿ ಕತ್ತೆತ್ತಲಿಲ್ಲ. ಅದು ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು.

ಸಾಹೇಬರು ಕಾರಿನಿಂದ ಇಳಿದವರು ತಲೆಯೆತ್ತಿ ನೋಡುತ್ತ ನಿಂತೇಬಿಟ್ಟರು. ಹುಡುಗರು ಒಬ್ಬರ ಹಿಂದೊಬ್ಬರು ಸರಿದರು.

"ಥೇಟ್ ನಾನೇ ಕಣ್ರೋ!" ಎಂದರು ಸಾಹೇಬರು. "ಇನ್ಮೇಲೆ ನನ್ನ ಕಟೌಟ್ ಎಲ್ಲೇ ನಿಲ್ಲಿಸಿದ್ರೂ, ಇದನ್ನ ಬರೆದ ಕೈಲೇ ಬರೆಸ್ಬೇಕು."