ಬಳೆಯ ಅಳತೆ

"ಚಿಕ್ಕ ಕೈಗೆ ಹಿತವಾಗಿ ಕೂರೋ ರಿವಾಲ್ವರ್ ಬೇಕಿತ್ತು," ಎಂದಳು ಹೆಂಗಸು.

"ಯಾರಿಗಮ್ಮ?" ಬಂದೂಕಿನಂಗಡಿಯವನು ಕೇಳಿದ.

"ಮಗಳಿಗೆ."

"ಅವರನ್ನೇ ಕರ್ಕೊಂಡು ಬನ್ನಿ. ಕೈಗೆ ಕೊಟ್ಟು ನೋಡದೆ ಹೇಳಕ್ಕಾಗಲ್ಲ."

ಆಕೆ ಸೆರಗಿನ ಗಂಟು ಬಿಚ್ಚಿ, ಹಸಿರು ಗಾಜಿನ ಬಳೆಯೊಂದನ್ನು ಅವನ ಮುಂದಿಟ್ಟಳು. ಈ ಅಂಗಡಿಗೆ ಬಳೆಯ ಅಳತೆ ತಂದವರನ್ನು ಅವನು ಕಂಡಿರಲಿಲ್ಲ. ನಗು ಬಂತು, ಆಕೆಯ ಮುಖ ನೋಡಿ ನುಂಗಿಕೊಂಡ. ಪುಟ್ಟದೊಂದು ರಿವಾಲ್ವರ್ ತೆಗೆದು ಮುಂದಿಟ್ಟ.

"ಇದು ಹಗುರ. ಸಲೀಸಾಗಿ ಹಿಡೀಬಹುದು."

ಆಕೆ ಅದರತ್ತ ನೋಡಲೇ ಇಲ್ಲ. ಕಪಾಟಿನಲ್ಲಿದ್ದ ದೊಡ್ಡದನ್ನು ತೋರಿಸಿದಳು. "ಅದು?"

"ಛೆ, ಈ ಬಳೆ ತೊಡೋ ಕೈಗೆ ಅದಾಗಲ್ಲಮ್ಮ. ಹಿಡಿದ್ರೆ ಟ್ರಿಗರಿಗೆ ಬೆರಳೇ ಎಟುಕಲ್ಲ."

ಆಕೆ ಬಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

"ಅಂಥದ್ರಲ್ಲೇ ಗುಂಡು ಹೊಡ್ಕೊಂಡು ಸತ್ತಳು ಅಂತಾನಲ್ಲಪ್ಪ, ನನ್ನ ಅಳಿಯ."