ರಾಜಪ್ಪನ ಮಣ್ಣು

“ಕಾಕಾ, ಖರೆ ಹೇಳ್ರಿ. ಹೊಲಕ್ಕ ಬೆಂಕಿ ಹಚ್ಚೀರೋ ಇಲ್ಲೋ?”

ಕೃಷಿ ಕಾಲೇಜಿನ ಸಂಶೋಧಕಿ ಸರಿತಾ ಹೀಗೆ ನೇರವಾಗಿ ಕೇಳಿದ್ದೇ ತಡ, ನಾಗನೂರಿನ ರಾಜಪ್ಪನ ಮುಖ ಇಳಿದುಹೋಯಿತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ಅಲ್ಲಿ ರವದಿ ಎನ್ನುತ್ತಾರೆ. ಎಲ್ಲರೂ ಅದಕ್ಕೆ ಕಡ್ಡಿ ಗೀರಿ ಕೈ ತೊಳೆದುಕೊಂಡರೆ, ರಾಜಪ್ಪ ಮಾತ್ರ ಐದು ವರ್ಷಗಳಿಂದ ಅದನ್ನು ಹೊಲದಲ್ಲೇ ಕೊಳೆಸುತ್ತ ಬಂದಿದ್ದ. ಊರೇ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಜೂ ಹೊಲದ ತಮ್ಮ ಯಲ್ಲಾರಿ. “ಕಾಲೇಜಿನವರ ಪರೀಕ್ಷಾದಾಗ ನಿನ್ನ ಮಣ್ಣು ನನ್ನ ಮಣ್ಣಿಗಿಂತ ಛಲೋ ಅಂತ ಬಂದರ ಈ ವರ್ಷ ನಾನೂ ರವದಿ ಸುಡಂಗಿಲ್ಲ” ಎಂದು ಮಾತು ಕೊಟ್ಟವನೂ ಅವನೇ. ಈಗ ಫಲಿತಾಂಶ ಕೇಳಲು ಅಣ್ಣನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದ್ದ. ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಸಿದ್ಧವಾಗಿತ್ತು.

ಸರಿತಾ ಇಬ್ಬರ ಮಣ್ಣನ್ನೂ ಯಂತ್ರದಲ್ಲಿಟ್ಟು, ಸಾವಕಾಶ ಕಾಯಿಸುತ್ತ ತೂಕ ನೋಡಿದ್ದಳು. ಮೊಬೈಲಿನಲ್ಲಿದ್ದ ಎರಡು ಗೆರೆಗಳನ್ನು ತೋರಿಸಿದಳು. “ಮಣ್ಣಿನ್ಯಾಗ ಕೊಳತ ಎಲಿ, ಬೇರು ಮೊದಲ ಸುಡತಾವ. ಆಗ ತೂಕ ಇಳೀತೈತಿ, ಗೆರಿನೂ ಇಳೀತೈತಿ. ಯಲ್ಲಾರಿ ಕಾಕಾಂದು ಇಲ್ಲಿ ಸ್ವಲ್ಪರ ಇಳದೈತಿ. ನಿಮ್ಮದು ಅಲ್ಲಾಡೇ ಇಲ್ಲ. ಈ ಮಣ್ಣು ನಮ್ಮ ಯಂತ್ರಕ್ಕ ಬರೂ ಮೊದಲ ಬೆಂಕಿ ಕಂಡೈತಿ.”

“ಭೇಷ್! ಹಗಲೊತ್ತು ನಮಗ ಬುದ್ಧಿ ಹೇಳೂದು, ಯಾರೂ ಇಲ್ಲದಾಗ ತಾನ ಬೆಂಕಿ ಇಡೂದು!” ಯಲ್ಲಾರಿಗೆ ಹಾಲು ಕುಡಿದಷ್ಟು ಸಂತೋಷ.

“ಬಸವಣ್ಣನ ಆಣಿ ಮಾಡಿ ಹೇಳತೇನಿ, ಒಂದ ಕಡ್ಡಿ ಗೀರಿಲ್ಲ.” ರಾಜಪ್ಪ ಎದ್ದು ನಿಂತ. ಹೊಲ ಸೋತಿದ್ದನ್ನು ಅವನು ಹೇಗೋ ನುಂಗಿಕೊಂಡಾನು, ತಮ್ಮನ ಎದುರು ಸುಳ್ಳುಗಾರನಾಗುವುದನ್ನಲ್ಲ.

ಸರಿತಾ ಪೇಚಿಗೆ ಬಿದ್ದಳು. ಯಂತ್ರ ಸುಳ್ಳು ಹೇಳುವುದಿಲ್ಲ, ಈ ಮನುಷ್ಯನೂ ಹೇಳುವವನಲ್ಲ. “ಹಂಗಾರ ಮಣ್ಣು ಕಟ್ಟಿ ಕಳಿಸಿದವರು ಯಾರ್ರಿ?”

“ನಾನರಿ!” ಚಹಾ ತಂದ ರಾಜಪ್ಪನ ಹೆಂಡತಿ ಸತ್ತೆವ್ವ ಹೆಮ್ಮೆಯಿಂದಲೇ ಹೇಳಿದಳು. “ಪೂರಾ ಒಣಗಿಸಿ ಕಳಸ್ರಿ ಅಂತ ನೀವ ಫೋನ್ ಮಾಡಿದ್ರಲ್ಲ? ಆಗ ಜಿಟಿಜಿಟಿ ಮಳಿ, ಬಿಸಲ ಎಲ್ಲಿಂದ ತರೂದು? ರೊಟ್ಟಿ ಮುಗದಿತ್ತು, ಹಂಚು ಕಾದಿತ್ತು. ಶೇಂಗಾ ಹುರದಂಗ ಚಂದಾಗಿ ಹುರದ ಕೊಟ್ಟೇನಿ. ನಮ್ಮ ಯಲ್ಲಾರಿಯಂಗ ಮಣ್ಣು ಹೊರಸಿನ ಬುಡಕ ಹರವಿ, ಮ್ಯಾಲ ಮಲಗಿಲ್ಲ ನಾ.”

ಸರಿತಾ ಹಣೆ ಬಡಿದುಕೊಂಡು ನಕ್ಕುಬಿಟ್ಟಳು. “ಹಂಗ ನೆರಳಾಗ ಹರವೂದ ಬೇಕಾಗಿತ್ತು ಕಾಕೂ! ಅದನ್ನ ಹೇಳಾಕ ನಾನ ಮರತೆ. ಯಂತ್ರ ನೋಡಬೇಕಾಗಿದ್ದೆಲ್ಲಾ ನಿಮ್ಮ ಹಂಚಿನ ಮ್ಯಾಲೇ ಹೊಗಿ ಆಗಿ ಹೋತು.”

ಆಣೆ ಉಳಿದ ಸಮಾಧಾನವೆಲ್ಲ ರಾಜಪ್ಪನ ಬಾಯಲ್ಲಿ ಸಿಟ್ಟಾಗಿ ಹೊರಬಂತು. “ಐದ ವರ್ಷ ನಾ ಕೂಡಿಸಿದ್ದನ್ನ ಚಹಾ ಕುದಿಯೂದ್ರಾಗ ಸುಟ್ಟಿ! ತಲಿ ಐತೇನ ನಿನಗ?”

ಸತ್ತೆವ್ವ ಕೇಳಿ ಸುಮ್ಮನಿರುವ ಪೈಕಿ ಅಲ್ಲ. “ಬೊಗಸಿ ಮಣ್ಣ ಹುರದಿದ್ದಕ್ಕ ಇಷ್ಟ ಬೈತೀರಿ. ನಿಮ್ಮ ತಮ್ಮ ವರ್ಷಾವರ್ಷಾ ಇಡೀ ಹೊಲಾನ ಹುರೀತಾನ. ಅವಗ ಯಾರ ಬೈಬೇಕು?”

ಯಲ್ಲಾರಿಯ ನಗು ಅಲ್ಲಿಗೇ ನಿಂತಿತು. ಬೇರೆ ಮಣ್ಣು ಒಯ್ದು ಮತ್ತೆ ನೋಡಲು ತಿಂಗಳಾದರೂ ಬೇಕು ಎಂದಳು ಸರಿತಾ. ಯಲ್ಲಾರಿಯ ರವದಿಯೋ ಒಣಗಿ ಗರಿಗರಿಯಾಗಿ ಬಿದ್ದಿತ್ತು, ಒಂದು ಕಡ್ಡಿ ಗೀರಿದರೆ ಸಾಕಿತ್ತು. ಅವನು ಒಮ್ಮೆ ಅಣ್ಣನ ಮುಖ ನೋಡಿದ, ಒಮ್ಮೆ ಒಳಗೆ ಗೋಡೆಗೆ ಒರಗಿಸಿದ್ದ ಕರೀ ಹಂಚನ್ನು ನೋಡಿದ. ಚಹಾ ಮುಗಿಸಿ ಎದ್ದು, ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಸತ್ತೆವ್ವನ ಮುಂದೆ ಇಟ್ಟ.

“ಒಲಿ ಹೊತ್ತಸಾಕ ಇಟ್ಕೋರಿ ವೈನಿ. ಆದರ ಈ ಸಲ ಹಂಚಿನ ಮ್ಯಾಲ ಬರೇ ರೊಟ್ಟಿ ಹಾಕ್ರಿ.”