ತೋಳಿನಷ್ಟು ದಪ್ಪ

"ಇದೇ ಇರ್ಲಿ," ಎಂದು ಭಾಸ್ಕರ ದೊಡ್ಡ ಯಂತ್ರದ ಮೇಲೆ ಕೈಯಿಟ್ಟ. ಅಂಗಡಿಯ ಆಶಿಷ ಸಣ್ಣದರ ಮೇಲಿನ ತಾಡಪಾಲನ್ನು ಇನ್ನೂ ಸರಿಸಿರಲೇ ಇಲ್ಲ.

ಗಾಯತ್ರಿಗೆ ಯಾಕೋ ಸರಿಬರಲಿಲ್ಲ. ಒಂದು ಜೊತೆ ಚಪ್ಪಲಿಗೆ ಅಂಕೋಲೆಯ ಪೇಟೆಯನ್ನೆಲ್ಲ ಅಲೆದು ಕೊನೆಗೆ ಬರಿಗೈಯಲ್ಲಿ ಮನೆಗೆ ಬರುವ ಮೈದುನ ಇವನು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹುಲ್ಲು, ಪೊದೆ ಸವರುವ ಕಟರನ್ನು ಬಾಗಿಲಲ್ಲೇ ನಿಂತು ಆರಿಸಿಬಿಡುವುದೆಂದರೆ? ಬೆಳಿಗ್ಗೆಯಿಂದ ಮಾತೂ ವಿಪರೀತ ನಯವಾಗಿತ್ತು. "ಅತ್ಗೆ, ನೀ ಎಂತಕೆ ಬಿಸಿಲಲ್ಲಿ ಬರೂದು? ನಾನೇ ನೋಡ್ಕಂಡ್ ಬತ್ತೆ" ಎಂದು ಮೂರು ಸಲ ಹೇಳಿದ್ದ. ಹಾಗೆ ಹೇಳಿದ್ದಕ್ಕೇ ಅವಳು ಅಗಸೂರಿನಿಂದ ಬಸ್ಸು ಹಿಡಿದು ಬಂದದ್ದು. ಟ್ರ್ಯಾಕ್ಟರ್ ಅವಳ ತವರಿನ ಪಾಲಿನಿಂದ ಬಂದದ್ದು, ಅವಳ ಹೆಸರಿನಲ್ಲೇ ಇರುವುದು. ಓಡಿಸುವವನು ಮಾತ್ರ ಭಾಸ್ಕರ; ಇವತ್ತೂ ಅವನೇ ಅದನ್ನು ಓಡಿಸಿಕೊಂಡು ಬಂದು ಅಂಗಡಿಯ ಅಂಗಳದಲ್ಲಿ ನಿಲ್ಲಿಸಿದ್ದ. ಗಂಡ ರಾಮನಾಥನಿಗೆ ಬಿಣಗಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಹೊಲಮನೆಯ ಕಡೆ ತಿರುಗಿ ನೋಡಲು ಪುರಸೊತ್ತಿಲ್ಲ.

"ಸಣ್ಣದನ್ನೂ ತೋರಿಸಿ," ಎಂದಳು.

"ಇದು ಐದು ಫೂಟಿಂದು ಅಕ್ಕಾ," ಎಂದ ಆಶಿಷ. "ಹುಲ್ಲು, ಕಮ್ಯುನಿಸ್ಟ್ ಗಿಡ, ಹೆಬ್ಬೆರಳಿನಷ್ಟು ದಪ್ಪದ ಮುಳ್ಳು, ಇಷ್ಟಕ್ಕೆಲ್ಲ ಸಾಕು. ಕಲ್ಲು ತಾಗಿದ್ರೆ ಬ್ಲೇಡು ಹಿಂದೆ ಮಡಚ್ಕೊಳ್ತದೆ. ನಿಮ್ಮ ನಲವತ್ತೈದು ಎಚ್‌ಪಿ ಗಾಡಿಗೆ ಇದು ಆರಾಮ."

"ಮತ್ತೆ ದೊಡ್ಡದು?"

"ಅದು ತೋಳಿನಷ್ಟು ದಪ್ಪ ಇದ್ರೂ ಪುಡಿ ಮಾಡ್ತದೆ. ಆದ್ರೆ ಗುಡ್ಡ ಹತ್ತುವಾಗ ನಿಮ್ಮ ಗಾಡಿಗೆ ಸ್ವಲ್ಪ ಭಾರ ಬೀಳ್ತದೆ."

ಗಾಯತ್ರಿ ನಿಂತಲ್ಲೇ ಮನಸ್ಸಿನಲ್ಲಿ ತನ್ನ ಜಾಗವನ್ನೆಲ್ಲ ಒಂದು ಸುತ್ತು ಹಾಕಿದಳು. ಗದ್ದೆಯ ಅಂಚಿನಲ್ಲಿ ಇರುವುದು ಹುಲ್ಲು. ಹಳ್ಳದ ದಂಡೆಯಲ್ಲಿ ಮುಳ್ಳು. ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ, ಆ ಬೇಣದಲ್ಲಿ, ಆಳೆತ್ತರದ ಕಮ್ಯುನಿಸ್ಟ್ ಕಳೆ, ಅದರ ನಡುವೆ ಅವಳ ಗೇರು ಗಿಡಗಳು. ನಾಲ್ಕು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಬದುಕಿಸಿದ ಕಸಿ ಗಿಡಗಳು ಈ ವರ್ಷ ಮೊದಲ ಸಲ ಹೂ ಬಿಟ್ಟಿದ್ದವು. ಅವುಗಳ ಕಾಂಡ ಈಗ ಸರಿಯಾಗಿ ತೋಳಿನಷ್ಟು. ಹೋದ ವಾರ ಬಿಳಿ ಕಾರಿನಲ್ಲಿ ಬಂದ ಇಬ್ಬರು ಅದೇ ಬೇಣದಲ್ಲಿ ಟೇಪು ಹಿಡಿದು ಅಳೆಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಭಾಸ್ಕರನನ್ನು ಕೇಳಿದರೆ, ಕರೆಂಟಿನವರು ಎಂದಿದ್ದ.

"ತೋಳಿನಷ್ಟು ದಪ್ಪದ್ದು ನಮ್ಮಲ್ಲಿ ಎಂತ ಇದೆ ಭಾಸ್ಕರ?"

"ನಮ್ಮಲ್ಲಿ ಇಲ್ದಿದ್ರೆ ಏನಾಯ್ತು ಅತ್ಗೆ? ಬೇರೆಯವರ ತೋಟಕ್ಕೆ ಬಾಡಿಗೆಗೆ ಹೋಗೂಕೆ ಬೇಕಲಾ."

ಮಾತು ಸರಿಯಾಗಿಯೇ ಇತ್ತು. ತನ್ನ ಮನಸ್ಸೇ ಕೆಟ್ಟದ್ದೇನೋ ಎಂದು ಗಾಯತ್ರಿಗೆ ಒಂದು ಗಳಿಗೆ ನಾಚಿಕೆಯೂ ಆಯಿತು. ಆದರೂ ಕೇಳದೆ ಇರಲಾಗಲಿಲ್ಲ. ಆಶಿಷನ ಕಡೆ ತಿರುಗಿ, "ಇದು ಗೇರು ಗಿಡ ಕಡಿದೀತಾ?" ಎಂದಳು.

ಆಶಿಷ ಬಾಯಿ ತೆರೆಯುವ ಮೊದಲೇ ಭಾಸ್ಕರ ಹೇಳಿದ: "ಒಂದ್ ಸಲಕ್ಕೆ ಆಗೂದಿಲ್ಲ. ಹಿಂದೆ ಮುಂದೆ ಎರಡ್ ಸಲ ಓಡಿಸ್ಬೇಕು."

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡ. ಆಶಿಷ ನೆಲ ನೋಡಿದ. ಗಾಯತ್ರಿ ಹೊರಗೆ ನಡೆದು, ಹೆದ್ದಾರಿಯ ಪಕ್ಕದ ನೆರಳಿನಲ್ಲಿ ನಿಂತು ಗಂಡನಿಗೆ ಫೋನು ಹಚ್ಚಿದಳು. ರಾಮನಾಥನ ಕಿವಿಗೆ ಹಾಕಿದರೆ ಸಾಕು, ತಮ್ಮನಿಗೆ ಅಣ್ಣನೇ ಬುದ್ಧಿ ಹೇಳುತ್ತಾನೆ. ಗೇರು ಹೂ ಬಿಟ್ಟ ದಿನ ಫೋಟೋ ತೆಗೆದು ಕಾರ್ಖಾನೆಯ ಗೆಳೆಯರಿಗೆಲ್ಲ ಕಳಿಸಿದ್ದವನು ಅವನೇ ಅಲ್ಲವೇ?

ಫೋನು ತಕ್ಷಣ ಎತ್ತಿದ. "ಎಂತ ಆಯ್ತು? ದೊಡ್ಡದೇ ತಗಂಡ್ರಲಾ?"

ದೊಡ್ಡದು, ಸಣ್ಣದು ಎಂದು ಎರಡಿರುವ ಸಂಗತಿ ಗಾಯತ್ರಿಗೇ ಈಗಷ್ಟೇ ತಿಳಿದದ್ದು. ಅಂಕೋಲೆಯ ಕಡೆಯಿಂದ ಬಂದ ಲಾರಿಯೊಂದು ಧೂಳೆಬ್ಬಿಸಿ ಹಾದುಹೋಯಿತು.

"ಗಾಯತ್ರಿ? ಭಾಸ್ಕರ ಹೇಳ್ದನಾ?" ರಾಮನಾಥನ ದನಿ ಸಣ್ಣದಾಯಿತು. "ನಾನೇ ಹೇಳ್ಬೇಕು ಅಂತಿದ್ದೆ. ಹೋದ ವಾರ ಅಳೂಕೆ ಬಂದಿದ್ರಲಾ, ಅವರು ಲಾರಿ ನಿಲ್ಸೂಕೆ ಜಾಗ ಕೇಳ್ತಿದಾರೆ, ಬೇಣ ಖಾಲಿ ಇದ್ರೇ ಆಗೂದಂತೆ. ಗಿಡ ಇರೂವರೆಗೆ ನೀನು ಒಪ್ಪೂದಿಲ್ಲ, ಅದಕೇ..."

ಅವಳು ಫೋನು ಕಟ್ ಮಾಡಿದಳು. ಮೈದುನನ ಮೇಲೆ ಉಕ್ಕಿದ್ದ ಸಿಟ್ಟು ಎತ್ತ ಹೋಯಿತೋ. ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿಯ ಅಂಗಳಕ್ಕೆ ಬಂದಳು. ಭಾಸ್ಕರ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ.

"ಅಣ್ಣ ಎಂತ ಹೇಳ್ದ?"

ಗಾಯತ್ರಿ ಅವನ ಮುಂದೆ ಕೈ ಚಾಚಿದಳು. ಅವನು ಆಚೀಚೆ ನೋಡಿದ, ನಗಲು ನೋಡಿದ. ಚಾಚಿದ ಕೈ ಹಿಂದೆ ಹೋಗಲಿಲ್ಲ. ಕೊನೆಗೆ ಟ್ರ್ಯಾಕ್ಟರಿನ ಕೀಲಿಯನ್ನು ಅವಳ ಅಂಗೈಗೆ ಹಾಕಿದ.

"ಸಣ್ಣದನ್ನೇ ಕಟ್ಟಿಕೊಡಿ," ಎಂದಳು ಆಶಿಷನಿಗೆ. "ಟ್ರ್ಯಾಕ್ಟರ್ ಬಿಡೂಕೆ ಕಲಿಸುವವರು ಇಲ್ಲಿ ಯಾರಾದ್ರೂ ಸಿಗ್ತಾರಾ?"

"ಅದಕ್ಕೆ ಬೇರೆಯವರು ಎಂತಕೆ ಅಕ್ಕಾ? ನಿಮ್ಮನೆಯವರೇ ಕಲಿಸ್ತಾರಲ್ಲ."

"ನಮ್ಮನೆಯವರು ಬೇಡ," ಎಂದಳು ಗಾಯತ್ರಿ.